ತೇದಿಗಳ ಪರಿವರ್ತನೆ: ನೇಪಾಳದ ವಿಕ್ರಮ ಸಂವತ್ತು ಎತ್ತುವ ಪ್ರಶ್ನೆಗಳು

ಒಂದು ಪಂಚಾಂಗದ ತೇದಿಯನ್ನು ಇನ್ನೊಂದಕ್ಕೆ ಹೊಂದಿಸುವುದು ಕೂಡಿಸಿ ಕಳೆಯುವ ಲೆಕ್ಕವೆಂಬ ಭಾವನೆ ಸಂಶೋಧನ ಕ್ಷೇತ್ರದಲ್ಲಿ ಬೇರೂರಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ, ವಿಕ್ರಮ ಸಂವತ್ತಿನಿಂದ 57 ಕಳೆದರೆ ಕ್ರಿಸ್ತಶಕ ಎಂಬ ಸೂತ್ರಗಳು ಪದವಿ ತರಗತಿಯಿಂದಲೇ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿರುತ್ತವೆ. ವರ್ಷವನ್ನು ಸ್ಥೂಲವಾಗಿ ಗುರುತಿಸಲು ಇವು ಸಾಕು. ಆದರೆ ಪ್ರಬಂಧಗಳಲ್ಲಿಯೂ ಮಹಾಪ್ರಬಂಧಗಳಲ್ಲಿಯೂ ಇಂಥ ಸೂತ್ರದಿಂದ ಬಂದ ಸಂಖ್ಯೆಯೇ ಆಕರದ ಮಾತೆಂಬಂತೆ ಅಚ್ಚಾಗುತ್ತಿದೆ. ಆಕರದಲ್ಲಿದ್ದ ಮೂಲ ತೇದಿ ಅಡಿಟಿಪ್ಪಣಿಗೂ ಇಳಿಯದೆ ಮರೆಯಾಗುತ್ತಿದೆ. ಪರಿವರ್ತಿತ ತೇದಿಯು ಒಂದು ನಿರ್ಣಯವೇ ಹೊರತು ದಾಖಲೆಯಲ್ಲ. ಈ ವ್ಯತ್ಯಾಸವನ್ನು ಮರೆತರೆ ಆಗುವ ಹಾನಿಯೇನೆಂಬುದನ್ನು ತಿಳಿಯಲು ನೇಪಾಳದ ಕಾಲಗಣನೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೆ ದೊರೆಯುವುದು ಕಷ್ಟ. ನೇಪಾಳ ಇಂದಿಗೂ ಸಾಂಪ್ರದಾಯಿಕ ಪಂಚಾಂಗವೊಂದನ್ನು ಆಡಳಿತದ ಪಂಚಾಂಗವಾಗಿ ಉಳಿಸಿಕೊಂಡಿರುವ ದೇಶ. ಕರ್ಣಾಟ ವಂಶವೆಂದೇ ಹೆಸರಾದ ಅರಸುಮನೆತನವೊಂದು ಆಳಿದ ನೆಲವೂ ಅಲ್ಲಿರುವುದರಿಂದ ಕನ್ನಡ ಸಂಶೋಧಕರಿಗೆ ಈ ವಿಷಯ ತೀರ ದೂರದ್ದೇನಲ್ಲ.

ನೇಪಾಳದ ಅಧಿಕೃತ ವಿಕ್ರಮ ಸಂವತ್ತಿನ ಸ್ವರೂಪವನ್ನು ಮೊದಲು ತಿಳಿಯಬೇಕು. ಉತ್ತರ ಭಾರತದ ವಿಕ್ರಮ ಸಂವತ್ತು ಚಾಂದ್ರಮಾನವನ್ನು ಅನುಸರಿಸಿದ್ದು; ಚೈತ್ರದಲ್ಲಿಯೋ, ಗುಜರಾತಿನಲ್ಲಿರುವಂತೆ ಕಾರ್ತಿಕದಲ್ಲಿಯೋ ಅದು ಮೊದಲಾಗುತ್ತದೆ. ನೇಪಾಳದ ಆಡಳಿತದಲ್ಲಿ ಬಳಕೆಯಲ್ಲಿರುವುದು ಸೌರಮಾನ. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ಏಪ್ರಿಲ್ ನಡುಭಾಗದಲ್ಲಿ ವೈಶಾಖದ ಒಂದನೆಯ ದಿನ ಬರುತ್ತದೆ, ಅಂದೇ ಹೊಸ ವರ್ಷ. ತುಳುನಾಡಿನ ಪಗ್ಗು ತಿಂಗಳು ಮತ್ತು ಬಿಸು ಹಬ್ಬದ ಲೆಕ್ಕವನ್ನು ಬಲ್ಲ ಓದುಗರಿಗೆ ಇದು ಬೇಗ ಅರ್ಥವಾದೀತು. ಉಳಿದವರಿಗೆ ವೈಶಾಖ, ಶ್ರಾವಣ, ಮಾಘ ಎಂಬ ಹೆಸರುಗಳೇ ತೊಡಕನ್ನು ಉಂಟುಮಾಡುತ್ತವೆ, ಏಕೆಂದರೆ ಕರ್ನಾಟಕದ ಬಹುಭಾಗದಲ್ಲಿ ಇವು ಚಾಂದ್ರಮಾಸದ ಹೆಸರುಗಳು. ನೇಪಾಳದಲ್ಲಿ ಸೌರದಿನವನ್ನು ‘ಗತೇ’ ಎಂಬ ಮಾತಿನಿಂದ ಸೂಚಿಸುತ್ತಾರೆ. ಹಬ್ಬಹರಿದಿನಗಳಿಗೆ ಮಾತ್ರ ಚಾಂದ್ರಮಾನದ ತಿಥಿಯನ್ನು ಹಿಡಿಯುತ್ತಾರೆ. ಒಂದೇ ಸಮಾಜದಲ್ಲಿ ಒಂದೇ ಮಾಸನಾಮ ಎರಡು ಅರ್ಥಗಳಲ್ಲಿ ಬಳಕೆಯಾಗುವಾಗ ದಾಖಲೆಯಲ್ಲಿರುವುದು ಗತೇಯೋ ತಿಥಿಯೋ ಎಂಬುದನ್ನು ನಿರ್ಧರಿಸದೆ ಪರಿವರ್ತನೆಗೆ ಕೈಹಾಕುವಂತಿಲ್ಲ.

ಎರಡನೆಯ ತೊಡಕು ತಿಂಗಳುಗಳ ಉದ್ದಕ್ಕೆ ಸಂಬಂಧಿಸಿದ್ದು. ಸೂರ್ಯನು ಒಂದು ರಾಶಿಯಿಂದ ಮತ್ತೊಂದಕ್ಕೆ ಸರಿಯುವ ಕಾಲವನ್ನು ಅನುಸರಿಸಿ ತಿಂಗಳು 29 ದಿನಗಳಿಂದ 32 ದಿನಗಳವರೆಗೆ ವ್ಯತ್ಯಾಸಗೊಳ್ಳುತ್ತದೆ. ಜ್ಯೇಷ್ಠದಿಂದ ಶ್ರಾವಣದವರೆಗಿನ ತಿಂಗಳುಗಳು ದೀರ್ಘ, ಚಳಿಗಾಲದವು ಹ್ರಸ್ವ. ಒಂದೇ ತಿಂಗಳು ಎಲ್ಲ ವರ್ಷಗಳಲ್ಲಿಯೂ ಒಂದೇ ಉದ್ದವಾಗಿರುವುದಿಲ್ಲ. ಸಂವತ್ 2057ರ ವೈಶಾಖಕ್ಕೆ 31 ದಿನಗಳಿದ್ದರೆ 2058ರ ವೈಶಾಖಕ್ಕೆ 30 ದಿನಗಳು. ಸಂವತ್ 2057 ಮೊದಲಾದದ್ದು 2000ದ ಏಪ್ರಿಲ್ 13ರಂದು, ಸಂವತ್ 2058 ಮೊದಲಾದದ್ದು 2001ರ ಏಪ್ರಿಲ್ 14ರಂದು. ನಡುವೆ ಫೆಬ್ರವರಿ 29 ಬಾರದಿದ್ದರೂ ಆ ವರ್ಷಕ್ಕೆ 366 ದಿನಗಳಾದವು. ಆದ್ದರಿಂದ ಅಧಿಕವರ್ಷದ ನಿಯಮದಂಥ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಪ್ರತಿ ವರ್ಷದ ಪ್ರತಿ ತಿಂಗಳ ದಿನಸಂಖ್ಯೆಯನ್ನು ನಮೂದಿಸಿದ ಕೋಷ್ಟಕವೊಂದೇ ದಾರಿ. ಈ ಕಾರಣದಿಂದ ನೇಪಾಳದಲ್ಲಿ ಪಂಚಾಂಗವನ್ನು ನಿರ್ಣಯಿಸಲು ಅಧಿಕೃತ ಸಮಿತಿಯೇ ಇದೆ. ಗಣಕಯಂತ್ರದ ತಂತ್ರಾಂಶಗಳೂ ಒಳಗೆ ಇಂಥ ಕೋಷ್ಟಕವನ್ನೇ ಇಟ್ಟುಕೊಂಡು ಒಂದು ಗೊತ್ತಾದ ದಿನದಿಂದ ಮುಂದಕ್ಕೆ ಎಣಿಸುತ್ತವೆ. ಸಂವತ್ 2000ದ ವೈಶಾಖ 1 ಎಂದರೆ 1943ರ ಏಪ್ರಿಲ್ 14 ಎಂಬ ಸಮೀಕರಣ ಇಂಥ ಎಣಿಕೆಗಳಿಗೆ ಸಾಮಾನ್ಯವಾದ ಆಧಾರಬಿಂದು. ಕೋಷ್ಟಕದ ವ್ಯಾಪ್ತಿ ಮುಗಿದಲ್ಲಿ ತಂತ್ರಾಂಶದ ಪ್ರಾಮಾಣ್ಯವೂ ಮುಗಿಯುತ್ತದೆ.

ಇನ್ನು ಗ್ರೆಗೋರಿಯನ್ ತೇದಿಯಿಂದ ಸಂವತ್ತಿಗೆ ಹೋಗುವಾಗ ವರ್ಷಕ್ಕೆ 57 ಕೂಡಿಸುವ ಸೂತ್ರವನ್ನು ಪರಿಶೀಲಿಸಬಹುದು. ಏಪ್ರಿಲ್ ನಡುಭಾಗದಿಂದ ಡಿಸೆಂಬರ್ ಕೊನೆಯವರೆಗೆ ಇದು ಸರಿ. ಜನವರಿ ಮೊದಲದಿನದಿಂದ ಸಂವತ್ತಿನ ಕೊನೆಯವರೆಗೆ ಕೂಡಿಸಬೇಕಾದದ್ದು 56. ರಾಣಾ ಆಡಳಿತವನ್ನು ಕೊನೆಗಾಣಿಸಿದ ನೇಪಾಳದ ಕ್ರಾಂತಿಯನ್ನು ಆ ದೇಶದವರು ‘ಏಳನೆಯ ಸಾಲಿನ ಕ್ರಾಂತಿ’ ಎನ್ನುತ್ತಾರೆ. ಅದು ಸಂವತ್ 2007. ಹೋರಾಟ ಮೊದಲಾದದ್ದು 1950ರ ನವೆಂಬರಿನಲ್ಲಿ, ಪ್ರಜಾಪ್ರಭುತ್ವದ ಘೋಷಣೆಯಾದದ್ದು 2007ರ ಫಾಲ್ಗುಣ 7ರಂದು, ಎಂದರೆ 1951ರ ಫೆಬ್ರವರಿ 18ರಂದು. ಯಾಂತ್ರಿಕವಾಗಿ 57 ಕಳೆದವರು ಘೋಷಣೆಯನ್ನೂ 1950ಕ್ಕೆ ತಳ್ಳುತ್ತಾರೆ. ಇದಕ್ಕೆ ವಿರುದ್ಧವಾದ ನಿದರ್ಶನ 2006ರ ಜನಾಂದೋಲನ. ಅದನ್ನು ನೇಪಾಳಿ ಬರಹಗಳಲ್ಲಿ ‘2062/63ರ ಆಂದೋಲನ’ ಎಂದು ಕರೆಯುತ್ತಾರೆ. ಎರಡು ವರ್ಷ ನಡೆದ ಚಳವಳಿಯೆಂದು ಹೊರಗಿನ ಓದುಗರು ಭಾವಿಸುವುದು ಸಹಜ. ವಾಸ್ತವವಾಗಿ ಅದು 2006ರ ಏಪ್ರಿಲ್ 6ರಿಂದ 24ರವರೆಗೆ, ಹತ್ತೊಂಬತ್ತು ದಿನ ನಡೆದದ್ದು. ನಡುವೆ ಸಂವತ್ಸರ ಬದಲಾಯಿತು, ಅಷ್ಟೆ. ಮೊದಲನೆಯ ಪ್ರಸಂಗದಲ್ಲಿ ಒಂದೇ ಸಂವತ್ತು ಎರಡು ಕ್ರಿಸ್ತವರ್ಷಗಳಲ್ಲಿ ಹಂಚಿಹೋಗಿದೆ, ಎರಡನೆಯದರಲ್ಲಿ ಒಂದೇ ತಿಂಗಳು ಎರಡು ಸಂವತ್ತುಗಳಲ್ಲಿ ಹಂಚಿಹೋಗಿದೆ.

ಸಂವತ್ತಿನ ಹೆಸರನ್ನು ಹೇಳದೆ ಸಂಖ್ಯೆಯನ್ನಷ್ಟೇ ಬರೆಯುವುದರಿಂದ ಆಗುವ ಗೊಂದಲ ಇನ್ನೂ ಹೆಚ್ಚಿನದು. ನೇಪಾಳಕ್ಕೆ ಸಂಬಂಧಿಸಿದ ಬರಹದಲ್ಲಿ ‘2015ರ ಸಂವಿಧಾನ’ ಎಂದಿದ್ದರೆ ಅದು 1959ರಲ್ಲಿ ರಾಜಪ್ರಭುತ್ವದ ಕೆಳಗೆ ಘೋಷಿತವಾದ ಸಂವಿಧಾನವೂ ಆಗಬಹುದು, 2015ರ ಸೆಪ್ಟೆಂಬರ್ 20ರಂದು ಜಾರಿಗೆ ಬಂದ ಗಣರಾಜ್ಯದ ಸಂವಿಧಾನವೂ ಆಗಬಹುದು. ಮೊದಲನೆಯದು ಸಂವತ್ 2015ರದು, ಎರಡನೆಯದು ಸಂವತ್ 2072ರದು. ಎರಡು ತದ್ವಿರುದ್ಧ ರಾಜ್ಯವ್ಯವಸ್ಥೆಗಳನ್ನು ಒಂದೇ ಸಂಖ್ಯೆಯಿಂದ ನಿರ್ದೇಶಿಸುವ ಪರಿಸ್ಥಿತಿ ಇದು. ನೇಪಾಳದಲ್ಲಿ ಅಚ್ಚಾದ ಗ್ರಂಥಗಳ ಪ್ರಕಟಣವರ್ಷದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಹಲವು ಗ್ರಂಥಗಳ ಮುಖಪುಟದಲ್ಲಿ ಸಂವತ್ತು ಮಾತ್ರ ಇರುತ್ತದೆ, ತಿಂಗಳು ಇರುವುದಿಲ್ಲ. ಸಂವತ್ 2030 ಎಂದಿದ್ದರೆ 1973–74 ಎಂದು ಬರೆಯುವುದೇ ಸಾಧು. ಅದನ್ನು 1973 ಎಂದು ಕತ್ತರಿಸಿದಾಗ ಆಕರ ಹೇಳದೆ ಇದ್ದುದನ್ನು ಸಂಶೋಧಕ ಹೇಳಿದಂತಾಗುತ್ತದೆ.

ಈ ತೊಡಕುಗಳು ಆಧುನಿಕ ಕಾಲದವು. ಎಚ್ಚರದಿಂದ ಇವುಗಳನ್ನು ನಿವಾರಿಸಿಕೊಳ್ಳಬಹುದು. ಹಿಂದಿನ ಕಾಲಕ್ಕೆ ಹೋದಂತೆ ಸಮಸ್ಯೆ ಆಳವಾಗುತ್ತದೆ. ಸೂರ್ಯಸಿದ್ಧಾಂತದ ಸೌರವರ್ಷ ಗ್ರೆಗೋರಿಯನ್ ವರ್ಷಕ್ಕಿಂತ ಸುಮಾರು 23 ನಿಮಿಷ ದೀರ್ಘವಾದುದು. ಅರುವತ್ತು ವರ್ಷಗಳಿಗೆ ಸುಮಾರು ಒಂದು ದಿನದಂತೆ ಸಂಕ್ರಾಂತಿಗಳು ಗ್ರೆಗೋರಿಯನ್ ಪಂಚಾಂಗದಲ್ಲಿ ಮುಂದೆ ಸರಿಯುತ್ತಿವೆ. ನೇಪಾಳವನ್ನು ನಡುಗಿಸಿದ ಮಹಾಭೂಕಂಪ ಸಂಭವಿಸಿದ್ದು ಸಂವತ್ 1990ರ ಮಾಘ 2ರಂದು, ಎಂದರೆ 1934ರ ಜನವರಿ 15ರಂದು. ಸಂವತ್ 2080ರಲ್ಲಿ ಅದೇ ಮಾಘ 2 ಬಂದದ್ದು 2024ರ ಜನವರಿ 16ರಂದು. ನೇಪಾಳಿ ಕವಿ ಭಾನುಭಕ್ತ ಆಚಾರ್ಯರ ಜನ್ಮದಿನ ಸಂವತ್ 1871ರ ಆಷಾಢ 29. ಈಚಿನ ವರ್ಷಗಳಲ್ಲಿ ಆ ದಿನ ಸಾಮಾನ್ಯವಾಗಿ ಜುಲೈ 13ರಂದು ಬರುತ್ತದೆ. ಅನೇಕ ಗ್ರಂಥಗಳಲ್ಲಿ ಅವರ ಜನನ 1814ರ ಜುಲೈ 13 ಎಂದೇ ಅಚ್ಚಾಗಿದೆ. ಆದರೆ ಸುಮಾರು ಎರಡು ಶತಮಾನಗಳ ಹಿಂದೆ ಸಂಕ್ರಾಂತಿಗಳು ಇಂದಿಗಿಂತ ಸುಮಾರು ಮೂರು ದಿನ ಮೊದಲೇ ಬರುತ್ತಿದ್ದುವು. ಗಣಿತದಂತೆ ಆ ಆಷಾಢ 29 ಜುಲೈ 10ರ ಆಸುಪಾಸಿಗೆ ಬೀಳುತ್ತದೆ. ಇಂದಿನ ಹೊಂದಾಣಿಕೆಯನ್ನು ಹಿಂದಿನ ಶತಮಾನಕ್ಕೆ ಹೊರಿಸಿದ್ದರ ಫಲ ಇದು. ಮೂರು ದಿನಗಳ ವ್ಯತ್ಯಾಸದಿಂದ ಕವಿಯ ಕೃತಿಗೆ ಕುಂದೇನೂ ಇಲ್ಲ. ಆದರೆ ಮೂಲ ತೇದಿಯನ್ನು ಬಿಟ್ಟು ಪರಿವರ್ತಿತ ತೇದಿಯನ್ನಷ್ಟೇ ಉಳಿಸಿಕೊಂಡಿದ್ದರೆ ಈ ತಪ್ಪನ್ನು ಕಂಡುಹಿಡಿಯುವ ದಾರಿಯೇ ಇರುತ್ತಿರಲಿಲ್ಲ ಎಂಬುದು ಗಮನಾರ್ಹ.

ವಿಕ್ರಮ ಸಂವತ್ತು ನೇಪಾಳದ ಆಡಳಿತದ ಪಂಚಾಂಗವಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಚಂದ್ರ ಶಂಶೇರ್ ರಾಣಾನ ಕಾಲದಲ್ಲಿ. ಅದಕ್ಕೆ ಹಿಂದೆ ಶಾಹ ಅರಸರು ಶಕವರ್ಷವನ್ನು ಬಳಸುತ್ತಿದ್ದರು. ಇನ್ನೂ ಹಿಂದೆ, ಮಲ್ಲರ ಕಾಲದ ಶಾಸನ, ತಾಮ್ರಪಟ, ಹಸ್ತಪ್ರತಿಗಳಲ್ಲಿ ಕಾಣುವುದು ಕ್ರಿ.ಶ. 879ರ ಅಕ್ಟೋಬರಿನಲ್ಲಿ ಆರಂಭವಾದ ನೇಪಾಳ ಸಂವತ್ತು. ಇದು ಚಾಂದ್ರಮಾನದ್ದು, ದೀಪಾವಳಿಯ ಮರುದಿನ, ಕಾರ್ತಿಕ ಶುದ್ಧ ಪಾಡ್ಯದಂದು ಹೊಸ ವರ್ಷ. ಸಂವತ್ತಿನ ಸಂಖ್ಯೆಗೆ ವರ್ಷದ ಆರಂಭಭಾಗದಲ್ಲಿ 879, ಜನವರಿಯ ಅನಂತರ 880 ಕೂಡಿಸಬೇಕು. ಆ ಅವಧಿಯ ದಾಖಲೆಗಳನ್ನು ಇಂದಿನ ವಿಕ್ರಮ ಸಂವತ್ತಿಗೆ ಪರಿವರ್ತಿಸಿ ಬರೆಯುವುದು ಆ ಕಾಲದವರು ಬರೆಯದೆ ಇದ್ದ ತೇದಿಯೊಂದನ್ನು ಅವರ ಬಾಯಲ್ಲಿ ಇಟ್ಟಂತೆ. ಮಧ್ಯಕಾಲೀನ ನೇಪಾಳದ ಇತಿಹಾಸವನ್ನು 1958ರಲ್ಲಿ ಪ್ರಕಟಿಸಿದ ಇಟಲಿಯ ವಿದ್ವಾಂಸ ಲೂಚಿಯಾನೊ ಪೆಟೆಕ್ ಈ ವಿಷಯದಲ್ಲಿ ಹಾಕಿಕೊಟ್ಟ ಮಾದರಿ ಅನುಸರಣೀಯವಾದುದು. ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಿದ್ದ ತೇದಿಯ ಮಾತುಗಳನ್ನು ಮೊದಲು ಕೊಟ್ಟು, ಗಣಿತದಿಂದ ತಾಳೆನೋಡಿ ಬಂದ ಫಲಿತವನ್ನು ಅನಂತರ ಕೊಡುವುದು ಅವರ ಕ್ರಮ. ಆದ್ದರಿಂದಲೇ ಅವರ ನಿರ್ಣಯಗಳನ್ನು ಒಪ್ಪದವರೂ ಅವರ ಗ್ರಂಥವನ್ನು ಆಕರವಾಗಿ ಬಳಸಲು ಸಾಧ್ಯವಾಗಿದೆ.

ಸಂವತ್ತಿನ ಹೆಸರೇ ಇಲ್ಲದ ಶಾಸನಗಳ ಸಮಸ್ಯೆ ಇನ್ನೊಂದು ಬಗೆಯದು. ಕಾಠ್ಮಂಡು ಕಣಿವೆಯ ಚಾಂಗು ನಾರಾಯಣ ದೇವಾಲಯದ ಮುಂದೆ ಲಿಚ್ಛವಿ ಅರಸ ಮಾನದೇವನ ಸ್ತಂಭಶಾಸನವಿದೆ. ಅದರ ವರ್ಷ 386. ಯಾವ ಸಂವತ್ತೆಂಬ ಉಲ್ಲೇಖವಿಲ್ಲ. ನೇಪಾಳದ ಶಾಸನಗಳನ್ನು 1880ರಲ್ಲಿ ಪ್ರಕಟಿಸಿದ ಭಗವಾನ್‌ಲಾಲ್ ಇಂದ್ರಜಿ ಇದನ್ನು ವಿಕ್ರಮ ಸಂವತ್ತೆಂದು ಭಾವಿಸಿ ಕ್ರಿ.ಶ. 329 ಎಂದರು. ಗುಪ್ತರ ಶಾಸನಗಳ ಸಂಪುಟವನ್ನು 1888ರಲ್ಲಿ ಹೊರತಂದ ಜೆ.ಎಫ್. ಫ್ಲೀಟ್ ಇದನ್ನು ಗುಪ್ತ ಸಂವತ್ತೆಂದು ಗ್ರಹಿಸಿ ಎಂಟನೆಯ ಶತಮಾನದ ಆರಂಭಕ್ಕೆ, ಕ್ರಿ.ಶ. 705ಕ್ಕೆ, ತಂದರು. ಮುಂದಿನ ವಿದ್ವಾಂಸರು ಶಕವರ್ಷವೆಂದು ನಿರ್ಣಯಿಸಿದ್ದರಿಂದ ಅದು ಕ್ರಿ.ಶ. 464ರಲ್ಲಿ ನೆಲೆಗೊಂಡಿತು. ಒಂದೇ ಸಂಖ್ಯೆ ಮೂರು ಸಂವತ್ತುಗಳ ಮೂಲಕ ಸುಮಾರು ನಾಲ್ಕು ಶತಮಾನಗಳ ಅಂತರದಲ್ಲಿ ಓಡಾಡಿದೆ. ಕೂಡಿಸಿ ಕಳೆಯುವುದರಲ್ಲಿ ಯಾರೂ ತಪ್ಪಲಿಲ್ಲ. ಪ್ರಶ್ನೆ ಇದ್ದದ್ದು ಯಾವ ಸಂವತ್ತೆಂಬುದರಲ್ಲಿ.

ಕನ್ನಡ ಜಿಲ್ಲೆಗಳ ಅರಸುಮನೆತನಗಳನ್ನು ಕುರಿತು ಗ್ರಂಥ ಬರೆದ, ಕನ್ನಡ ಶಾಸನಗಳ ಪ್ರಕಟಣೆಗೆ ಬಹುವಾಗಿ ದುಡಿದ ಫ್ಲೀಟರಂಥ ವಿದ್ವಾಂಸರೂ ಇಲ್ಲಿ ದಾರಿತಪ್ಪಿದ್ದು ವಿಚಾರಾರ್ಹ. ಈ ಶಾಸನದಲ್ಲಿ ಜ್ಯೇಷ್ಠ ಶುದ್ಧ ಪಾಡ್ಯ, ರೋಹಿಣಿ ನಕ್ಷತ್ರ, ಅಭಿಜಿನ್ಮುಹೂರ್ತಗಳ ಉಲ್ಲೇಖವಿದೆ, ವಾರದ ಉಲ್ಲೇಖವಿಲ್ಲ. ಜ್ಯೇಷ್ಠ ಶುದ್ಧ ಪಾಡ್ಯದಂದು ಸೂರ್ಯನು ವೃಷಭದಲ್ಲಿದ್ದು ಚಂದ್ರನು ಅವನ ಸಮೀಪದಲ್ಲಿಯೇ ಇರುವುದರಿಂದ ಅಂದು ರೋಹಿಣಿಯೋ ಅದರ ನೆರೆಯ ನಕ್ಷತ್ರವೋ ಬರುವುದು ಸಹಜ. ಮಾಸವನ್ನೂ ತಿಥಿಯನ್ನೂ ಹೇಳಿದ ಮೇಲೆ ನಕ್ಷತ್ರವು ಹೆಚ್ಚಿನ ಸಾಕ್ಷ್ಯವನ್ನೇನೂ ಒದಗಿಸುವುದಿಲ್ಲ. ವಾರ ಹಾಗಲ್ಲ. ಅದು ಸೂರ್ಯಚಂದ್ರರ ಗತಿಗೆ ಒಳಪಡದೆ ಏಳು ದಿನಗಳ ಚಕ್ರದಲ್ಲಿ ತಿರುಗುವುದರಿಂದ ಕಾಲನಿರ್ಣಯದಲ್ಲಿ ಸ್ವತಂತ್ರ ಸಾಕ್ಷಿಯಾಗುತ್ತದೆ. ಕನ್ನಡ ಶಾಸನಗಳಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿಗಳೊಡನೆ ವಾರವೂ ಹಲವೆಡೆ ಇರುವುದು ಸಂಶೋಧಕರ ಭಾಗ್ಯ. ವಾರ ಹೊಂದದಿದ್ದಾಗ ಅದನ್ನು ಲಿಪಿಕಾರನ ಪ್ರಮಾದವೆಂದು ತಳ್ಳಿಹಾಕುವ ಮುನ್ನ ವರ್ಷ ಗತವೋ ವರ್ತಮಾನವೋ ಎಂಬುದನ್ನು ಮರಳಿ ಪರಿಶೀಲಿಸಬೇಕು. ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಕೇಶಿಯ ಶಾಸನ ಶಕವರ್ಷ 465 ಎಂದು ಸಂವತ್ತನ್ನು ಸ್ಪಷ್ಟವಾಗಿ ಹೆಸರಿಸಿದೆ, ಕ್ರಿ.ಶ. 543ರ ಆ ಶಾಸನಕ್ಕೆ ಚಾಂಗು ನಾರಾಯಣದ ಗತಿ ಒದಗದಿದ್ದುದು ಆ ಒಂದು ಪದದಿಂದ.

ಕರ್ನಾಟಕದೊಡನೆ ನೇರ ಸಂಬಂಧವುಳ್ಳ ನಿದರ್ಶನವೊಂದನ್ನು ಕೊನೆಯಲ್ಲಿ ನೋಡಬಹುದು. ಮಿಥಿಲೆಯನ್ನಾಳಿದ ಕರ್ಣಾಟ ವಂಶದ ಮೂಲಪುರುಷ ನಾನ್ಯದೇವ. ಕಲ್ಯಾಣದ ಚಾಲುಕ್ಯರ ಉತ್ತರದ ದಂಡಯಾತ್ರೆಗಳೊಡನೆ ಹೋಗಿ ನೆಲೆಸಿದವರ ಪೀಳಿಗೆಯವನು ಈತನೆಂದು ಇತಿಹಾಸಕಾರರು ಊಹಿಸಿದ್ದಾರೆ. ಈತನ ರಾಜಧಾನಿ ಸಿಮ್ರೌನ್‌ಗಢ ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಅಲ್ಲಿನ ವಾಸ್ತುನಿರ್ಮಾಣದ ಕಾಲವನ್ನು ಹೇಳುವ ಪರಂಪರಾಗತ ಶ್ಲೋಕವೊಂದರಲ್ಲಿ ವರ್ಷವನ್ನು ಪದಸಂಖ್ಯೆಗಳಿಂದ ಸೂಚಿಸಲಾಗಿದೆ. ನಂದ ಎಂದರೆ 9, ಇಂದು ಎಂದರೆ 1, ಬಿಂದು ಎಂದರೆ 0, ವಿಧು ಎಂದರೆ 1. ಬಲದಿಂದ ಎಡಕ್ಕೆ ಬರೆದುಕೊಂಡರೆ ಶಕವರ್ಷ 1019 ಆಗುತ್ತದೆ. ಶ್ರಾವಣ ಶುದ್ಧ ಸಪ್ತಮಿ, ಶನಿವಾರ, ಸ್ವಾತಿ ನಕ್ಷತ್ರ, ಸಿಂಹ ಲಗ್ನ ಎಂಬ ವಿವರಗಳೂ ಅದರಲ್ಲಿವೆ. ಗಣಿತದಿಂದ ಇದು ಕ್ರಿ.ಶ. 1097ರ ಜುಲೈ 18ಕ್ಕೆ ಹೊಂದುತ್ತದೆ; ಅಂದು ಶನಿವಾರವೇ. ಆದರೆ ಈ ಜುಲೈ 18 ಜೂಲಿಯನ್ ಪಂಚಾಂಗದ್ದು. ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದದ್ದೇ 1582ರಲ್ಲಿ. ಅದನ್ನು ಹಿಂದಕ್ಕೆ ವಿಸ್ತರಿಸಿದರೆ ಅದೇ ದಿನ ಜುಲೈ 24 ಆಗುತ್ತದೆ. ಯಾವ ಪಂಚಾಂಗವೆಂದು ತಿಳಿಸದೆ ಒಬ್ಬರು ಜುಲೈ 18 ಎಂದೂ ಇನ್ನೊಬ್ಬರು ಜುಲೈ 24 ಎಂದೂ ಬರೆದರೆ ಇಲ್ಲದ ಭಿನ್ನಾಭಿಪ್ರಾಯವೊಂದು ಹುಟ್ಟಿಕೊಳ್ಳುತ್ತದೆ.

ಇದೇ ದಿನವನ್ನು ಇಂದಿನ ನೇಪಾಳದ ರೀತಿಯಲ್ಲಿ ಸಂವತ್ 1154ರ ಶ್ರಾವಣ ಎಂದು ಬರೆದು ಪಕ್ಕದಲ್ಲಿ 7 ಎಂದು ಹಾಕಿದರೆ ಮತ್ತೊಂದು ತಪ್ಪಾಗುತ್ತದೆ. ಶ್ಲೋಕದ ಸಪ್ತಮಿ ಚಾಂದ್ರತಿಥಿಯೇ ಹೊರತು ಸೌರಮಾಸದ ಏಳನೆಯ ಗತೇಯಲ್ಲ. ನೇಪಾಳದ ತರಾಯಿಯಲ್ಲಿ ಶಕವರ್ಷ 1019 ಎಂದು ಎಣಿಸುತ್ತಿದ್ದ ಅದೇ ವರ್ಷ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ ನಡೆಯುತ್ತಿತ್ತು. ಕ್ರಿ.ಶ. 1076ರಿಂದ ಅವನ ಹೆಸರಿನ ಚಾಲುಕ್ಯ ವಿಕ್ರಮವರ್ಷ ಆರಂಭವಾಗಿದ್ದರಿಂದ ಕನ್ನಡ ನಾಡಿನ ಲೆಕ್ಕಕ್ಕೆ ಅದು ಇಪ್ಪತ್ತೆರಡನೆಯ ವರ್ಷ, ಈಶ್ವರ ಸಂವತ್ಸರ. ಮೂಲಪುರುಷನನ್ನು ಕರ್ಣಾಟನೆಂದು ನೆನೆಯುವ ಮನೆತನದ ಪರಂಪರೆ ಚಾಲುಕ್ಯ ವಿಕ್ರಮವರ್ಷವನ್ನು ಬಿಟ್ಟು ಶಕವರ್ಷವನ್ನು ಹಿಡಿದಿದೆ. ಈ ಆಯ್ಕೆ ಕಲ್ಯಾಣದೊಡನೆ ಆ ಮನೆತನಕ್ಕಿದ್ದ ರಾಜಕೀಯ ಸಂಬಂಧದ ಸ್ವರೂಪವನ್ನು ಕುರಿತು ಪ್ರಶ್ನೆಯೊಂದನ್ನು ಎತ್ತುತ್ತದೆ. ‘ಕ್ರಿ.ಶ. 1097’ ಎಂದು ಮಾತ್ರ ಬರೆದಾಗ ಆ ಪ್ರಶ್ನೆಯೇ ಏಳುವುದಿಲ್ಲ. ನಾನ್ಯದೇವನನ್ನು ಕನ್ನಡಿಗರ ಹಿರಿಮೆಗೆ ಸಾಕ್ಷಿಯಾಗಿ ಕರೆಯುವ ಉತ್ಸಾಹ ತಪ್ಪಲ್ಲ. ಆ ಸಾಕ್ಷ್ಯ ನಿಲ್ಲಬೇಕಾದರೆ ಅದರ ತೇದಿಯ ಓದು ಶುದ್ಧವಾಗಿರಬೇಕು.

ಇಷ್ಟೆಲ್ಲ ಎಚ್ಚರ ಅಗತ್ಯವೇ ಎಂಬ ಆಕ್ಷೇಪಣೆ ಬರಬಹುದು. ಬೇರೆಬೇರೆ ಪ್ರದೇಶಗಳ ಘಟನೆಗಳನ್ನು ಹೋಲಿಸಲು ಸಮಾನವಾದ ಅಳತೆಗೋಲು ಬೇಕು. ಕ್ರಿಸ್ತಶಕ ಆ ಕೆಲಸವನ್ನು ಮಾಡುತ್ತಿದೆ ಎಂಬುದು ಒಪ್ಪತಕ್ಕ ಮಾತು. ಓದುಗನಿಗೆ ನಾಲ್ಕಾರು ಸಂವತ್ತುಗಳ ಭಾರವನ್ನು ಹೊರಿಸಬಾರದೆಂಬುದೂ ನ್ಯಾಯವೇ. ಪರಿವರ್ತನೆ ಬೇಡವೆಂಬುದು ಇಲ್ಲಿನ ವಾದವಲ್ಲ. ಪರಿವರ್ತಿತ ತೇದಿ ಮೂಲ ತೇದಿಯ ಜೊತೆಯಲ್ಲಿರಬೇಕು, ಅದರ ಜಾಗವನ್ನು ಆಕ್ರಮಿಸಬಾರದು ಎಂಬುದಷ್ಟೇ ವಾದ. ತಂತ್ರಾಂಶಗಳು ಬಂದ ಮೇಲೆ ಈ ಚರ್ಚೆ ಅನವಶ್ಯಕವೆಂಬ ಮಾತೂ ಕೇಳಿಬರುತ್ತದೆ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ತಂತ್ರಾಂಶ ಕ್ಷಣದಲ್ಲಿ ಮಾಡುತ್ತದೆ ನಿಜ. ಆದರೆ ಸಂವತ್ತು ಯಾವುದು, ವರ್ಷ ಗತವೋ ವರ್ತಮಾನವೋ, ಮಾಸ ಸೌರವೋ ಚಾಂದ್ರವೋ, ಅಮಾಂತವೋ ಪೂರ್ಣಿಮಾಂತವೋ ಎಂಬುದನ್ನು ಅದಕ್ಕೆ ಸಂಶೋಧಕನೇ ಹೇಳಬೇಕು. ತಪ್ಪು ಊಹೆಗೂ ಅದು ಅಷ್ಟೇ ನಿಖರವಾದ ಉತ್ತರ ಕೊಡುತ್ತದೆ. ಅಪಾಯವಿರುವುದು ಆ ನಿಖರತೆಯಲ್ಲಿ.

ಈ ಹಿನ್ನೆಲೆಯಲ್ಲಿ ಕನ್ನಡ ಸಂಶೋಧನ ಪತ್ರಿಕೆಗಳೂ ಮಾರ್ಗದರ್ಶಕರೂ ಕೆಲವು ನಿಯಮಗಳನ್ನು ಪಾಲಿಸುವುದು ಅಗತ್ಯ. ಆಕರದಲ್ಲಿರುವ ತೇದಿಯನ್ನು ಅಲ್ಲಿರುವಂತೆಯೇ ಮೊದಲು ಕೊಡಬೇಕು. ಸಂವತ್ತಿನ ಹೆಸರು ಆಕರದಲ್ಲಿಯೇ ಇದೆಯೋ ಸಂಶೋಧಕ ಊಹಿಸಿದ್ದೋ ಎಂಬುದನ್ನು ಸ್ಪಷ್ಟಪಡಿಸಬೇಕು. ತಿಂಗಳು ತಿಳಿಯದಿದ್ದಲ್ಲಿ ಎರಡು ಕ್ರಿಸ್ತವರ್ಷಗಳನ್ನೂ ನಮೂದಿಸಬೇಕು. ಕ್ರಿ.ಶ. 1582ಕ್ಕೆ ಹಿಂದಿನ ದಿನಾಂಕಗಳಿಗೆ ಜೂಲಿಯನ್ ಅಥವಾ ಗ್ರೆಗೋರಿಯನ್ ಎಂಬ ಸೂಚನೆ ಇರಬೇಕು. ಯಾವ ಕೋಷ್ಟಕದಿಂದ ಅಥವಾ ಯಾವ ತಂತ್ರಾಂಶದಿಂದ ಪರಿವರ್ತಿಸಲಾಯಿತೆಂದು ತಿಳಿಸಬೇಕು. ವಾರ ಹೊಂದಿದೆಯೇ ಇಲ್ಲವೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಇವೆಲ್ಲ ಸೇರಿ ಎರಡು ಸಾಲುಗಳಿಗೆ ಮಿಗಲಾರವು. ಸ್ನಾತಕೋತ್ತರ ತರಗತಿಗಳಲ್ಲಿ ಶಾಸನಶಾಸ್ತ್ರವನ್ನು ಬೋಧಿಸುವಾಗ ಲಿಪಿಯ ಓದಿಗೆ ಕೊಡುವ ಮಹತ್ತ್ವವನ್ನು ತೇದಿಯ ಓದಿಗೂ ಕೊಟ್ಟರೆ ಮುಂದಿನ ಪೀಳಿಗೆಗೆ ಇದು ಅಭ್ಯಾಸವಾಗುತ್ತದೆ.

ಜನರು ತಮ್ಮ ಕಾಲವನ್ನು ತಮ್ಮ ಎಣಿಕೆಯಲ್ಲಿ ನೆನಪಿಟ್ಟುಕೊಂಡಿರುತ್ತಾರೆ. 1934ರ ಭೂಕಂಪ ನೇಪಾಳದ ಹಿರಿಯರ ಬಾಯಲ್ಲಿ ಇಂದಿಗೂ ‘ತೊಂಬತ್ತರ ಸಾಲಿನ ಭೂಕಂಪ’. ಆ ತೊಂಬತ್ತನ್ನು ಅಳಿಸಿ ಮೂವತ್ತನಾಲ್ಕು ಎಂದು ಬರೆದರೆ ಘಟನೆ ಉಳಿಯುತ್ತದೆ, ಅದನ್ನು ನೆನೆದವರ ಮಾತು ಉಳಿಯುವುದಿಲ್ಲ. ಶಾಸನದ ಪಾಠವನ್ನು ತಿದ್ದದೆ ಉಳಿಸಿಕೊಳ್ಳುವ ಶಿಸ್ತನ್ನು ಕನ್ನಡ ವಿದ್ವತ್ತು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಪಾಲಿಸಿಕೊಂಡು ಬಂದಿದೆ. ತೇದಿಯೂ ಆ ಪಾಠದ ಒಂದು ಭಾಗವೇ ಆಗಿರುವುದರಿಂದ ಆ ಶಿಸ್ತು ಅದಕ್ಕೂ ಸಲ್ಲಬೇಕು.